ಐದನೇ ಗೂಟ

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಕ್ಲಬ್ಬಿನವರೆಲ್ಲ ಹೇಳುತ್ತಾರೆ. ಇರಬಹುದು. ಆದರೆ ನೀವೇ ಹೇಳಿ. ಇಪ್ಪತ್ತಾರು ವರ್ಷದಿಂದ ಒಂದೇ ಫುಟ್‌ಬಾಲ್ ಮೈದಾನದ ಹುಲ್ಲು ನೋಡಿಕೊಂಡು ಬಂದವನ ಮುಂದೆ ಕಾರ್ಯದರ್ಶಿಯವರು ಒಂದು ಬೆಳಿಗ್ಗೆ ಪ್ಲಾಸ್ಟಿಕ್ ಹುಲ್ಲಿನ ತುಂಡು ಹಿಡಿದುಕೊಂಡು ಬಂದು, "ಮುಟ್ಟಿ ನೋಡಿ, ನಿಜವಾದ ಹುಲ್ಲಿಗಿಂತ ಮೆತ್ತಗಿದೆ" ಎಂದರೆ ಯಾರಿಗೆ ತಾನೆ ಮೈ ಉರಿಯುವುದಿಲ್ಲ? ನಾನು ಕೈಯಲ್ಲಿ ಮುಟ್ಟಲಿಲ್ಲ. ಅವರು ಅತ್ತ ಹೋದ ಮೇಲೆ ಅದನ್ನು ನನ್ನ ಸಾಮಾನಿನ ಕೋಣೆಯ ಬಾಗಿಲಿಗೆ ಹಾಸಿ ಕೆಸರು ಚಪ್ಪಲಿ ಒರೆಸಿದೆ. ಅವತ್ತಿನಿಂದ ಅದು ಅಲ್ಲೇ ಬಿದ್ದಿದೆ.

ವಿಷಯ ಇಷ್ಟೇ. ನೀರಿನ ಕಚೇರಿಯಿಂದ ಕಾಗದ ಬಂದಿತ್ತು. ಮುಂದಿನ ವರ್ಷದಿಂದ ಕ್ಲಬ್ಬಿಗೆ ಈಗ ಕೊಡುವ ನೀರಿನಲ್ಲಿ ಅರ್ಧ ಮಾತ್ರ. ಅರ್ಧ ನೀರಿನಲ್ಲಿ ಹುಲ್ಲು ಬದುಕುವುದಿಲ್ಲ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟರು. ಸುಳ್ಳು ಯಾಕೆ ಹೇಳಲಿ, ನಾನೂ ಹಾಗೇ ಅಂದುಕೊಂಡಿದ್ದೆ. ಹುಲ್ಲು ಕಿತ್ತು ಪ್ಲಾಸ್ಟಿಕ್ ಹಾಸುವುದೊಂದೇ ದಾರಿ ಎಂದು ಕಾರ್ಯದರ್ಶಿ ಹಟ ಹಿಡಿದರು. ಅಧ್ಯಕ್ಷರು ಒಂದು ಕಾಲದಲ್ಲಿ ಇದೇ ಮೈದಾನದಲ್ಲಿ ಆಡಿ, ಬಿದ್ದು, ಹಲ್ಲು ಮುರಿದುಕೊಂಡವರು. ಅವರು ಮಾತ್ರ, "ಅವಸರ ಬೇಡ. ಕ್ರೀಡಾ ಕ್ಲಬ್‌ಗಳಿಗೆ ಇಂಥದ್ದನ್ನ ಹೇಳಿಕೊಡೋಕೆ ಅಂತಾನೇ ಒಂದು ಸಂಸ್ಥೆ ಇದ್ಯಂತೆ. ಕರೆಸೋಣ" ಎಂದರು.

ಸಂಸ್ಥೆಯಿಂದ ಬಂದವಳು ಒಬ್ಬಳೇ ಹುಡುಗಿ. ಮೂವತ್ತು ದಾಟಿರಲಿಕ್ಕಿಲ್ಲ. ದಪ್ಪ ಕನ್ನಡಕ, ಬೆನ್ನಿಗೊಂದು ಚೀಲ, ಚೀಲದ ತುಂಬ ಮೀಟರುಗಳು. ಮೊದಲ ವಾರವೇ ಮೈದಾನದ ಪೈಪಿಗೊಂದು, ಆಟಗಾರರ ಸ್ನಾನದ ಮನೆಗೊಂದು, ಜೆರ್ಸಿ ಒಗೆಯುವ ಕೋಣೆಗೊಂದು ಮೀಟರು ಕೂರಿಸಿದಳು. ನಾನು ಅವಳಿಗೆ ಮೀಟರಮ್ಮ ಎಂದು ಹೆಸರಿಟ್ಟೆ. ಎರಡೇ ದಿನದಲ್ಲಿ ಕ್ಲಬ್ಬಿಗೆ ಕ್ಲಬ್ಬೇ ಹಾಗೆ ಕರೆಯತೊಡಗಿತು. ಅವಳು ನನ್ನನ್ನು ಸರ್ ಎಂದಳು. ನನ್ನನ್ನು ಅಲ್ಲಿಯವರೆಗೆ ಯಾರೂ ಸರ್ ಎಂದಿರಲಿಲ್ಲ. ಆಟಗಾರರ ಬಾಯಲ್ಲಿ ನಾನು ಹುಲ್ಲಜ್ಜ. ಐವತ್ತೇಳಕ್ಕೆ ಅಜ್ಜ ಎನ್ನಿಸಿಕೊಳ್ಳುವುದು ನನಗೆ ಇಷ್ಟವಿಲ್ಲ, ಆದರೆ ಸರ್ ಎಂದವರ ಮೇಲೆ ನನಗೆ ಇನ್ನೂ ಹೆಚ್ಚು ಅನುಮಾನ.

ಬಂದವಳು ಸುಮ್ಮನೆ ಕೂರಲಿಲ್ಲ. ಪಂದ್ಯದ ದಿನ ಬೆಟ್ಟದಷ್ಟು ಬೀಳುತ್ತಿದ್ದ ಪೇಪರ್ ಲೋಟ, ನೀರಿನ ಬಾಟಲಿ ನಿಲ್ಲಿಸಿ, ದೊಡ್ಡ ಫಿಲ್ಟರು ಇಡಿಸಿ, ಆಟಗಾರರಿಗೆಲ್ಲ ಸ್ಟೀಲ್ ಬಾಟಲಿ ಹಿಡಿಸಿದಳು. ಆಟ ಮುಗಿದ ಮೇಲೂ ಖಾಲಿ ಮೈದಾನದ ಮೇಲೆ ಉರಿಯುತ್ತಿದ್ದ ದೀಪಗಳಿಗೆ ತಾನಾಗಿ ಆರುವ ಸ್ವಿಚ್ಚು ಹಾಕಿಸಿದಳು. ಇದಕ್ಕೆಲ್ಲ ನನ್ನದೇನೂ ತಕರಾರಿರಲಿಲ್ಲ. ಲೋಟ ಹೆಕ್ಕುವ ಕೆಲಸ ನನಗೇ ಬರುತ್ತಿತ್ತಲ್ಲ.

ಅವಳ ಕೆಲಸದಿಂದ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನನ್ನ ಹೆಂಡತಿ. ಅವಳು ಇದೇ ಕ್ಲಬ್ಬಿನಲ್ಲಿ ಹತ್ತೊಂಬತ್ತು ವರ್ಷದಿಂದ ಜೆರ್ಸಿ, ಕಾಲುಚೀಲ, ಟವೆಲು ಒಗೆಯುತ್ತಾಳೆ. ನಾಲ್ಕು ಬಟ್ಟೆ ಬಿದ್ದರೂ ಮೆಷಿನ್ ಹಾಕಬೇಡಿ, ತುಂಬಿದ ಮೇಲೇ ಹಾಕಿ, ಬಿಸಿನೀರು ಬೇಡ ಎಂದು ಮೀಟರಮ್ಮ ಹೇಳಿದ್ದೇ ತಡ, ಇವಳು ದಿನಕ್ಕೆ ಏಳು ಸಲ ಓಡುತ್ತಿದ್ದ ಮೆಷಿನ್ನನ್ನು ನಾಲ್ಕಕ್ಕೆ ಇಳಿಸಿದಳು. ಬಾಗಿಲ ಹಿಂದೆ ಒಂದು ಕಪ್ಪು ಹಲಗೆ ತೂಗುಹಾಕಿ, ದಿನಾ ಸಂಜೆ ಎಷ್ಟು ನೀರು ಹೋಯಿತೆಂದು ಸೀಮೆಸುಣ್ಣದಲ್ಲಿ ಬರೆಯತೊಡಗಿದಳು. ಎರಡನೇ ವಾರ ಮೀಟರಮ್ಮ ಆ ಹಲಗೆಯ ಫೋಟೊ ತೆಗೆದು, "ಅಕ್ಕ, ಇಡೀ ಕ್ಲಬ್ಬಲ್ಲಿ ನಿಮ್ಮಷ್ಟು ನೀರು ಉಳಿಸಿದವರು ಇನ್ನೊಬ್ರಿಲ್ಲ" ಎಂದಳಂತೆ. ನನ್ನವಳು ಮನೆಗೆ ಬಂದು ಆ ಮಾತನ್ನು ನನಗೆ ಮೂರು ಸಲ ಹೇಳಿದಳು. ಮೂರನೇ ಸಲ ಹೇಳುವಾಗ ಕೈಯಲ್ಲಿದ್ದ ಸೌಟು ಕೆಳಗಿಟ್ಟು ಹೇಳಿದಳು.

ಆಮೇಲೆ ಮೀಟರಮ್ಮ ನನ್ನ ಹುಲ್ಲಿಗೆ ಬಂದಳು.

"ಸರ್, ಮೈದಾನಕ್ಕೆ ಈಗ ಹೇಗೆ ನೀರು ಬಿಡ್ತೀರಿ?"

"ದಿನಾ ಬೆಳಿಗ್ಗೆ. ಇಪ್ಪತ್ತು ನಿಮಿಷ. ಒಂದಿನಾನೂ ತಪ್ಪಿಸಿಲ್ಲ. ಮಗಳು ಹುಟ್ಟಿದ ದಿನಾನೂ ನೀರು ಬಿಟ್ಟೇ ಆಸ್ಪತ್ರೆಗೆ ಹೋಗಿದ್ದು."

"ಅರ್ಧ ಮೈದಾನಕ್ಕೆ ಹಾಗೇ ಬಿಡಿ. ಇನ್ನರ್ಧಕ್ಕೆ ವಾರಕ್ಕೆ ಎರಡೇ ಸಲ, ಸ್ವಲ್ಪ ಹೊತ್ತು ಜಾಸ್ತಿ. ಆ ಕಡೆಗೆ ಒಟ್ಟು ನೀರು ಈಗಿನ ಅರ್ಧ ಆಗುತ್ತೆ. ಎರಡು ತಿಂಗಳು ನೋಡೋಣ. ಹುಲ್ಲು ಆಡೋ ಹಾಗೆ ಉಳೀತು ಅಂದ್ರೆ ಪ್ಲಾಸ್ಟಿಕ್ ಬರಲ್ಲ. ಉಳಿದೇ ಇದ್ರೆ ನಾನೇನೂ ಮಾಡೋಕಾಗಲ್ಲ."

"ಈ ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲನಾ? ನಿನಗೆ ಊಟಾನ ವಾರಕ್ಕೆ ಎರಡು ಸಲ ಹಾಕಿದ್ರೆ?"

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ನಾನೇ ಕೈಯಾರೆ ಮೈದಾನದ ನಡುವೆ ಸುಣ್ಣದ ಗೆರೆ ಎಳೆದೆ. ನೀರು ಕಡಿಮೆ ಬಿಡುವ ಅರ್ಧದಲ್ಲಿ ಅವಳು ಐದು ಗೂಟ ಹೊಡೆದಳು, ಮೊಳಕ್ಕಿಂತ ಚಿಕ್ಕವು, ತುದಿಗೆ ಕೆಂಪು ಬಣ್ಣ. ಮೊದಲನೆಯದು ಗೋಲಿನ ಪಕ್ಕ, ಮೂರು ಅಲ್ಲಲ್ಲಿ ಅಂಚಿಗೆ, ಐದನೆಯದು ದೂರದ ಮೂಲೆಯ ಬಾವುಟದ ಹತ್ತಿರ. ವಾರಕ್ಕೊಮ್ಮೆ ಬಂದು ಗೂಟದ ಸುತ್ತಲಿನ ಹುಲ್ಲು ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುವುದು ಅವಳ ಲೆಕ್ಕ. ಪಂಪಿನ ಕೋಣೆಯ ಬೀಗದ ಕೈ ಮೊದಲಿನಂತೆ ನನ್ನ ಸೊಂಟದಲ್ಲೇ ಇತ್ತು. ಅವಳು ಅದನ್ನು ಕೇಳಲೂ ಇಲ್ಲ. ನನ್ನನ್ನು ನಂಬಿದ್ದಳು.

ಎರಡನೇ ವಾರ ಗೋಲಿನ ಮುಂದಿನ ಹುಲ್ಲು ಮಂಕಾಯಿತು. ಮೂರನೇ ವಾರಕ್ಕೆ ಹಳದಿ. ಸುಣ್ಣದ ಗೆರೆಯ ಈಚೆಗೆ ಗಿಳಿಹಸಿರು, ಆಚೆಗೆ ಕಾಯಿಲೆ ಬಿದ್ದವರ ಮುಖ. ನನಗೆ ಅನ್ನ ಇಳಿಯಲಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಆ ಹುಲ್ಲಿನ ಮೇಲೆ ನಡೆದರೆ ಚಪ್ಪಲಿ ಕೆಳಗೆ ಚರಚರ ಎನ್ನುತ್ತಿತ್ತು. ಹಸುಗೂಸನ್ನು ಅಳಲು ಬಿಟ್ಟು ಪಕ್ಕದ ಕೋಣೆಯಲ್ಲಿ ಕೂತ ಹಾಗಿತ್ತು ನನ್ನ ಪಾಡು. ಇದು ಸತ್ತರೆ ಪ್ಲಾಸ್ಟಿಕ್ ಬರುತ್ತದೆ, ಪ್ಲಾಸ್ಟಿಕ್ ಬಂದರೆ ನಾನು ಯಾವುದನ್ನು ನೋಡಿಕೊಳ್ಳಲಿ, ಗುಡಿಸಲೇ, ಒರೆಸಲೇ?

ಮರುದಿನ ಬೆಳಗಿನ ಜಾವ ಐದಕ್ಕೆ ಬಂದೆ. ಮೈದಾನದ ಪೈಪು ಮುಟ್ಟುವ ಹಾಗಿಲ್ಲ, ಅದಕ್ಕೆ ಮೀಟರಿದೆ. ಒಗೆಯುವ ಕೋಣೆಯ ಹೊರಗೋಡೆಯಲ್ಲಿ ಒಂದು ಹಳೆಯ ನಲ್ಲಿ ಇದೆ, ಅದು ಹೊರಗಿದೆಯಾದ್ದರಿಂದ ಯಾವ ಮೀಟರಿಗೂ ಸೇರಿಲ್ಲ ಎಂದುಕೊಂಡೆ. ನನಗೆ ಹುಲ್ಲಿನ ವಿಷಯ ಗೊತ್ತು, ಗೋಡೆಯೊಳಗಿನ ಪೈಪಿನ ವಿಷಯ ಗೊತ್ತಿಲ್ಲ. ಜಲ್ಲಡಿ ಮೂತಿಯ ಕ್ಯಾನಿಗೆ ನೀರು ತುಂಬಿಕೊಂಡು ಹೋಗಿ ಗೋಲಿನ ಮುಂದೆ ಹಾಕಿದೆ. ಹತ್ತು ಸಲ. ಆ ಹುಲ್ಲು ನೀರು ಕುಡಿಯುವ ಸದ್ದು ಕೇಳಿ ನನಗೂ ಗಂಟಲು ತಂಪಾಯಿತು.

ಆ ವಾರ ಮೀಟರಮ್ಮ ಮೊದಲನೇ ಗೂಟದ ಹತ್ತಿರ ಬಗ್ಗಿ, "ಅರೆ! ಚೇತರಿಸಿಕೊಳ್ತಿದೆ ಸರ್!" ಎಂದಳು. ಅವಳ ಮುಖ ಅರಳಿದ್ದು ನೋಡಿ ನನಗೂ ಖುಷಿಯಾಯಿತು. ತಪ್ಪು ಅಲ್ಲೇ ಆಗಿದ್ದು. ಮೊದಲ ದಿನ ಹಾಕಿದ್ದು ಕರುಣೆಯಿಂದ, ಅಲ್ಲಿಂದಾಚೆ ಹಾಕಿದ್ದು ಅವಳು ನೋಡುವ ಜಾಗ ನೋಡಿ. ಎರಡು, ಮೂರು, ನಾಲ್ಕನೇ ಗೂಟದ ಸುತ್ತಲೂ ಕ್ಯಾನು ಹಿಡಿದು ಕಳ್ಳ ಬೆಕ್ಕಿನ ಹಾಗೆ ತಿರುಗಿದೆ. ಐದನೇ ಗೂಟಕ್ಕೆ ಮಾತ್ರ ಹೋಗಲಿಲ್ಲ. ನಲ್ಲಿಯಿಂದ ಅಲ್ಲಿಗೆ ನೂರೈವತ್ತು ಹೆಜ್ಜೆ, ತುಂಬಿದ ಕ್ಯಾನು ಹೊತ್ತರೆ ನನ್ನ ಎಡ ಮಂಡಿ ಕೇಳುವುದಿಲ್ಲ. ಮೂಲೆಯದು ಹೋದರೆ ಹೋಗಲಿ ಎಂದು ಕೈಬಿಟ್ಟೆ. ಮೀಟರಮ್ಮ ಪುಸ್ತಕದಲ್ಲಿ ನಾಲ್ಕು ಗೂಟಕ್ಕೆ 'ಹಸಿರು' ಎಂದೂ ಐದನೆಯದಕ್ಕೆ 'ಮಂಕು' ಎಂದೂ ಬರೆದು, ಆ ಮೂಲೆಯಲ್ಲಿ ಮಣ್ಣೇ ಬೇರೆ ಇರಬೇಕು ಎಂದು ತಾನೇ ಸಮಾಧಾನ ಮಾಡಿಕೊಂಡಳು.

ಐದನೇ ವಾರ ಒಗೆಯುವ ಕೋಣೆಯ ಹಲಗೆಯ ಮೇಲಿನ ಅಂಕಿ ಏರಿತು. ನನ್ನವಳು ಮೆಷಿನ್ ಓಡಿಸಿದ್ದು ಅದೇ ನಾಲ್ಕು ಸಲ. ನೀರು ಮಾತ್ರ ಏಳು ಸಲದಷ್ಟು. ಅವಳು ಮೆಷಿನ್ ಕೆಳಗೆ ಬಗ್ಗಿ ನೋಡಿದಳು, ಪೈಪಿನ ಸುತ್ತ ಬಟ್ಟೆ ಕಟ್ಟಿದಳು, ನೆಲ ಒರೆಸಿ ಒರೆಸಿ ನೋಡಿದಳು. ಎಲ್ಲೂ ಒಂದು ಹನಿ ಸೋರುತ್ತಿರಲಿಲ್ಲ. ಮೀಟರಮ್ಮ ಬೇಸರವಿಲ್ಲದೆ, "ಪರವಾಗಿಲ್ಲ ಅಕ್ಕ, ಹುಡುಕೋಣ" ಎಂದಳು. ಕಾರ್ಯದರ್ಶಿ ಮಾತ್ರ ಚಹಾ ಕುಡಿಯುತ್ತ ಎಲ್ಲರೆದುರು, "ಮೊದಲೆರಡು ವಾರ ಹುಮ್ಮಸ್ಸು, ಆಮೇಲೆ ಎಂದಿನ ಹಾಗೆ. ಇಲ್ಲಾಂದ್ರೆ ಅಂಕಿ ಓದೋಕೇ ಬರ್ತಿರಲಿಲ್ಲವೋ ಏನೋ" ಎಂದುಬಿಟ್ಟರು.

ನಾನು ಅಲ್ಲೇ ಇದ್ದೆ. ಲೋಟ ಕೈಯಲ್ಲಿತ್ತು. ಗೋಡೆಯ ಹೊರಗಿನ ನಲ್ಲಿಗೆ ನೀರು ಎಲ್ಲಿಂದ ಬರುತ್ತದೆ ಎಂಬುದು ಆ ಕ್ಷಣಕ್ಕೆ ಹೊಳೆಯಿತು. ಮೂಗಿನ ತುದಿಯ ಕೋಪ ಬೇಕಾದಾಗ ಎಲ್ಲಿ ಹೋಗಿತ್ತೋ, ನನ್ನ ಬಾಯಿಂದ ಒಂದು ಮಾತು ಹೊರಡಲಿಲ್ಲ. ನನ್ನವಳು ಮುಖ ಸಪ್ಪಗೆ ಮಾಡಿಕೊಂಡು ಒಳಗೆ ಹೋದಳು. ಅವತ್ತು ಸಂಜೆ ಹಲಗೆ ಒರೆಸಿದವಳು ಆಮೇಲೆ ಅದರ ಮೇಲೆ ಏನೂ ಬರೆಯಲಿಲ್ಲ. ನಾನೂ ಕ್ಯಾನು ಬಿಡಲಿಲ್ಲ. ಇನ್ನು ಮೂರೇ ವಾರ, ಹುಲ್ಲು ಗೆದ್ದ ಮೇಲೆ ಎಲ್ಲ ಹೇಳಿಬಿಡುತ್ತೇನೆ ಎಂದು ನನಗೆ ನಾನೇ ಬೆಣ್ಣೆ ಹಚ್ಚಿಕೊಂಡೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ನನ್ನವಳು ಹಲಗೆ ಬಿಟ್ಟಿದ್ದಳೇ ಹೊರತು ಲೆಕ್ಕ ಬಿಟ್ಟಿರಲಿಲ್ಲ. ಸಂಜೆ ಬೀಗ ಹಾಕುವಾಗ ಒಂದು ಸಲ, ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಒಂದು ಸಲ ಮೀಟರು ನೋಡತೊಡಗಿದ್ದಳು. ಬಾಗಿಲು ಹಾಕಿದ ಮೇಲೆ ಒಳಗೆ ಯಾರೂ ಇಲ್ಲದಾಗ ನೀರು ಹೋಗುತ್ತಿತ್ತು. ಎಂಟನೇ ವಾರ, ಪ್ಲಾಸ್ಟಿಕ್ ಬೇಕೋ ಬೇಡವೋ ಎಂದು ತೀರ್ಮಾನಿಸುವ ಸಮಿತಿ ಸಭೆಯ ಹಿಂದಿನ ದಿನ ಬೆಳಗಿನ ಜಾವ ನಾನು ಕ್ಯಾನನ್ನು ನಲ್ಲಿಯ ಕೆಳಗಿಟ್ಟು ತಿರುಗಿಸಿದೆ. ಗೋಡೆಯಾಚೆ ಕಿಟಕಿ ತೆರೆಯಿತು.

"ರೀ."

ಕ್ಯಾನು ತುಂಬಿ ಹೊರಚೆಲ್ಲುತ್ತಿತ್ತು.

"ಮೊದ್ಲು ನಲ್ಲಿ ನಿಲ್ಸಿ. ಅದೂ ನನ್ ಲೆಕ್ಕಕ್ಕೇ ಬರುತ್ತೆ."

ನಿಲ್ಲಿಸಿದೆ. ಮನೆಯಿಂದ ನನ್ನ ಹಿಂದೆಯೇ ಬಂದು ಒಳಗೆ ಕಾದಿದ್ದ ಅವಳು ಬಾಗಿಲು ತೆಗೆದು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಅವಳು ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ, ಅದು ನನಗೆ ಅಭ್ಯಾಸ. ಅವಳು ಕೂಗಾಡಲಿಲ್ಲ.

"ಮೆಷಿನ್ ಕೆಳಗೆ ತಲೆ ಹಾಕಿ ಹಾಕಿ ನನ್ ಸೊಂಟ ಬಿದ್ದೋಯ್ತು. ಆ ಮನುಷ್ಯ ಎಲ್ರೆದುರಿಗೆ ಹಾಗಂದಾಗ ನೀವು ಲೋಟ ನೋಡ್ತಾ ನಿಂತಿದ್ರಿ."

"ಹುಲ್ಲು ಸಾಯ್ತಿತ್ತು ಕಣೇ."

"ನಾನು ಸಾಯ್ತಿರಲಿಲ್ವಾ?"

ನಾನು ತುಂಬಿದ ಕ್ಯಾನನ್ನು ಗೋಡೆಯ ಪಕ್ಕಕ್ಕೆ ಸರಿಸಿ ಅವಳ ಹತ್ತಿರ ಕೂತೆ.

"ಸರಿ, ನಾಳೆ ಗೆದ್ರಿ ಅಂತಾನೇ ಇಟ್ಕೊಳ್ಳಿ" ಎಂದಳು. "ಮುಂದಿನ ವರ್ಷ ಇಡೀ ಮೈದಾನಕ್ಕೆ ಅರ್ಧ ನೀರು. ಆಗ ಇಡೀ ಮೈದಾನಕ್ಕೆ ಕ್ಯಾನಲ್ಲಿ ಹೊತ್ತು ಹಾಕ್ತೀರಾ ಈ ಮಂಡಿ ಇಟ್ಕೊಂಡು? ಹುಲ್ಲು ಒಣಗುತ್ತೆ, ಪ್ಲಾಸ್ಟಿಕ್ ಬಂದೇ ಬರುತ್ತೆ. ಎಲ್ಲರೂ ಬಯ್ಯೋದು ಯಾರನ್ನ? ಆ ಹುಡುಗೀನ. ಅವಳು ನಿಮ್ಮನ್ನ ಸರ್ ಅಂತಾಳೆ ಪಾಪ. ಇವತ್ತು ನೀವು ಹೇಳ್ತೀರೋ, ನಾನು ಹೇಳ್ಲೋ?"

ಬೆಳಗಾಗುವವರೆಗೆ ಇಬ್ಬರೂ ಆ ಮೆಟ್ಟಿಲ ಮೇಲೇ ಕೂತಿದ್ದೆವು. ಒಂಬತ್ತಕ್ಕೆ ಮೀಟರಮ್ಮ ಬಂದಳು. ಆಫೀಸಿನ ಮೂಲೆಯ ಮೇಜಿನ ಮೇಲೆ ಅವಳ ವರದಿ ಸಿದ್ಧವಾಗಿತ್ತು, ರಟ್ಟು ಹಾಕಿ, ಮೇಲೆ ನನ್ನ ಮೈದಾನದ ಫೋಟೊ. ನಾನು ಕೂರದೆ, ಉಸಿರು ತೆಗೆದುಕೊಳ್ಳದೆ ಎಲ್ಲವನ್ನೂ ಹೇಳಿಬಿಟ್ಟೆ.

ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಕನ್ನಡಕ ಇಲ್ಲದ ಅವಳ ಮುಖ ಇನ್ನೂ ಚಿಕ್ಕದಾಗಿ ಕಂಡಿತು.

"ನಾನು ಇಲ್ಲಿಗೆ ಬರೋಕೆ ಮುಂಚೆ ಒಂಬತ್ತು ಕ್ಲಬ್ಬಿಗೆ ಹೋಗಿದೀನಿ" ಎಂದಳು. "ಎಲ್ರೂ ಲೋಟ ಬಿಡ್ತಾರೆ, ಬಾಟ್ಲಿ ಬಿಡ್ತಾರೆ, ದೀಪ ಆರಿಸ್ತಾರೆ. ಹುಲ್ಲಿನ ವಿಷಯಕ್ಕೆ ಬಂದ್ರೆ ಮಾತ್ರ ಯಾರೂ ನನ್ನ ನಂಬಲ್ಲ. ಇಲ್ಲಿ ಮೊದ್ಲನೇ ಸಲ ಒಬ್ರು ನಂಬಿದ್ರು ಅಂದ್ಕೊಂಡಿದ್ದೆ. ಊರಿಗೆ ಫೋನ್ ಮಾಡಿ ಅಮ್ಮಂಗೂ ಹೇಳಿದ್ದೆ."

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. "ತಪ್ಪಾಯ್ತಮ್ಮ" ಎಂದೆ. ಆ ಪದ ನನ್ನ ಬಾಯಿಂದ ಕೊನೆಯ ಸಲ ಯಾವಾಗ ಬಂದಿತ್ತೋ ನೆನಪಿಲ್ಲ.

ಅವಳು ವರದಿಯನ್ನು ಹಿಂದಕ್ಕೂ ಮುಂದಕ್ಕೂ ತಿರುವಿದಳು. ಒಂದು ಪುಟದ ಮೇಲೆ ಬೆರಳು ನಿಂತಿತು. "ಐದನೇ ಗೂಟಕ್ಕೂ ಹಾಕಿದ್ರಾ?"

"ಇಲ್ಲಮ್ಮ. ಅಷ್ಟು ದೂರ ಮಂಡಿ ಕೇಳಲಿಲ್ಲ."

"ಒಂದಿನಾನೂ?"

"ಒಂದು ಹನೀನೂ ಇಲ್ಲ. ನಿನ್ನಾಣೆ."

ಅವಳು ಕನ್ನಡಕ ಹಾಕಿಕೊಂಡು ಎದ್ದೇಬಿಟ್ಟಳು. "ಮಣ್ಣು ತೆಗೆಯೋ ಕೊಳವೆ ತಗೊಂಡು ಬನ್ನಿ."

ಅದೊಂದು ಮೊಳಕೈಯುದ್ದದ ಕಬ್ಬಿಣದ ಕೊಳವೆ, ಮೇಲೊಂದು ಅಡ್ಡ ಹಿಡಿ. ನೆಲಕ್ಕೆ ಒತ್ತಿ ತಿರುಗಿಸಿ ಎಳೆದರೆ ಹುಲ್ಲು, ಬೇರು, ಮಣ್ಣು ಎಲ್ಲ ಇದ್ದ ಹಾಗೇ ಮೇಲೆ ಬರುತ್ತವೆ. ಮೊದಲು ದಿನಾ ನೀರು ಬಿಡುತ್ತಿದ್ದ ಅರ್ಧದಲ್ಲಿ ತೆಗೆದೆ. ಸುಲಭವಾಗಿ ಬಂತು. ಮೇಲೆ ಗಿಳಿಹಸಿರು ಹುಲ್ಲು, ಅದರ ಕೆಳಗೆ ಎರಡು ಬೆರಳಗಲ ಬೇರು, ಅದರ ಕೆಳಗೆ ಬರೀ ಮಣ್ಣು. ಕೈಯಲ್ಲಿ ಹಿಡಿಯುವಷ್ಟರಲ್ಲಿ ಪುಡಿಯಾಗಿ ಬಿತ್ತು. ನಾನು ಕ್ಯಾನಿನಲ್ಲಿ ನೀರು ಹಾಕಿದ್ದ ಮೊದಲನೇ ಗೂಟದ ಹತ್ತಿರವೂ ಹಾಗೇ. ಅಷ್ಟರಲ್ಲಿ ಅಭ್ಯಾಸಕ್ಕೆ ಬಂದ ಗೋಲ್‌ಕೀಪರ್ ಹುಡುಗಿ ಪಕ್ಕದಲ್ಲಿ ನಿಂತು, "ಅದಕ್ಕೇ ಹುಲ್ಲಜ್ಜ, ನಾನು ಹಾರಿ ಬಿದ್ದಾಗೆಲ್ಲ ಹುಲ್ಲು ಚಾಪೆ ಸುತ್ತಿದ ಹಾಗೆ ಎದ್ದುಬರೋದು" ಎಂದಳು. ನಾನು ಅವಳ ಮೇಲೆ ರೇಗಲಿಲ್ಲ.

ಮೂಲೆಯ ಐದನೇ ಗೂಟಕ್ಕೆ ಹೋದೆವು. ಅಲ್ಲಿನ ಹುಲ್ಲು ಚೆಂದ ಇರಲಿಲ್ಲ. ಮಂಕು, ಒರಟು, ಎತ್ತರವೂ ಇಲ್ಲ. ಕೊಳವೆ ಒತ್ತಿದೆ. ಅರ್ಧಕ್ಕೇ ನಿಂತಿತು. ಮೈಭಾರವೆಲ್ಲ ಹಾಕಿ ತಿರುಗಿಸಿದೆ. ಎಳೆದರೆ ಬರಲಿಲ್ಲ. ಮೀಟರಮ್ಮನೂ ಒಂದು ಕೈ ಹಾಕಿದಳು. ಆಮೇಲೆ ಬಂತು. ಮಣ್ಣು ಕಟ್ಟಿದ ಹಾಗೆ ಗಟ್ಟಿಯಾಗಿತ್ತು. ಬಿಳಿ ಬೇರು ಮಣ್ಣನ್ನೆಲ್ಲ ಹೆಣೆದುಕೊಂಡು ಕೆಳಗಿನವರೆಗೂ ಇಳಿದಿತ್ತು, ಕೊಳವೆಯ ಬಾಯಿ ದಾಟಿ ಇನ್ನೂ ಎಳೆ ಎಳೆಯಾಗಿ ನೇತಾಡುತ್ತಿತ್ತು. ಒಂದು ಗೇಣಿಗೆ ಕಡಿಮೆಯಿಲ್ಲ. ತುದಿಯ ಮಣ್ಣು ಮುಟ್ಟಿ ನೋಡಿದೆ. ಆ ಬೇಸಿಗೆಯಲ್ಲೂ ಅದು ತಂಪಾಗಿ ಒದ್ದೆಯಾಗಿತ್ತು.

"ದಿನಾ ಮೇಲಿಂದ ಸಿಗ್ತಿದ್ರೆ ಬೇರು ಯಾಕೆ ಕೆಳಗೆ ಹೋಗುತ್ತೆ ಸರ್?" ಎಂದಳು ಮೀಟರಮ್ಮ ಮೆಲ್ಲಗೆ. "ಸಿಗದೇ ಇದ್ದಾಗ ಹುಡುಕ್ಕೊಂಡು ಹೋಗಿದೆ."

ನಾನು ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟೆ. ಇಪ್ಪತ್ತಾರು ವರ್ಷ, ಒಂದು ದಿನ ತಪ್ಪದೆ, ಮಗಳು ಹುಟ್ಟಿದ ದಿನವೂ ಬಿಡದೆ ನೀರು ಬಿಟ್ಟು ಸಾಕಿದ್ದೆ. ಸಾಕಿದ್ದು ಎರಡು ಬೆರಳಗಲ ಬೇರನ್ನು. ನಾನು ಕೈಬಿಟ್ಟ ಮೂಲೆ ತನ್ನ ಪಾಡಿಗೆ ತಾನು ಗಟ್ಟಿಯಾಗಿತ್ತು. ಅಳು ಬಂತು, ಗೋಲ್‌ಕೀಪರ್ ಹುಡುಗಿಯ ಎದುರಿಗೇ ಅತ್ತೆ. ಆದರೆ ಅಳುವಾಗಲೇ ಒಳಗೆಲ್ಲೋ ಸಂತೋಷವೂ ಆಯಿತು. ಹುಲ್ಲು ಬದುಕುತ್ತದೆ! ನಾನಿಲ್ಲದೆಯೂ ಬದುಕುತ್ತದೆ.

ಮರುದಿನ ಸಭೆಯಲ್ಲಿ ಮೀಟರಮ್ಮ ರಟ್ಟು ಹಾಕಿದ ವರದಿ ಕೊಡಲಿಲ್ಲ. "ನಮ್ಮ ಪ್ರಯೋಗ ಕೆಟ್ಟಿದೆ. ನಾಲ್ಕು ಗೂಟದ ಅಂಕಿ ನಂಬಬೇಡಿ" ಎಂದು ನೇರವಾಗಿ ಹೇಳಿದಳು. ಯಾಕೆ ಕೆಟ್ಟಿತು ಎಂದು ನಾನು ಹೇಳಿದೆ. ಒಗೆಯುವ ಕೋಣೆಯ ನೀರು ಕದ್ದದ್ದು ನಾನು, ನನ್ನ ಹೆಂಡತಿಯ ಅಂಕಿಗಳೆಲ್ಲ ಸರಿಯಾಗಿದ್ದವು ಎಂಬುದನ್ನು ಎರಡು ಸಲ ಹೇಳಿದೆ. ನನ್ನವಳು ಬಾಗಿಲ ಹತ್ತಿರ ಟವೆಲಿನ ಬುಟ್ಟಿ ಹಿಡಿದು ನಿಂತಿದ್ದಳು. ಕಾರ್ಯದರ್ಶಿಯವರ ಕಡೆ ನೋಡಲೇ ಇಲ್ಲ, ಅವರೇ ಇವಳ ಕಡೆ ನೋಡಬೇಕಾಯಿತು. "ನಾನು ಹಾಗನ್ನಬಾರದಿತ್ತು" ಎಂದು ಅವರು ಗೊಣಗಿದರು. ಆದರೆ ಅಷ್ಟಕ್ಕೇ ಬಿಡುವ ಆಸಾಮಿಯಲ್ಲ. "ಅಂತೂ ಪ್ರಯೋಗ ಹಳ್ಳ ಹಿಡೀತು. ಪ್ಲಾಸ್ಟಿಕ್‌ನವರಿಗೆ ಹೇಳಿಬಿಡೋಣ್ವಾ?" ಎಂದರು.

ನಾನು ಪೇಪರಿನಲ್ಲಿ ಸುತ್ತಿಕೊಂಡು ಬಂದಿದ್ದ ಎರಡು ಮಣ್ಣಿನ ತುಂಡುಗಳನ್ನು ಅಧ್ಯಕ್ಷರ ಎದುರು ಮೇಜಿನ ಮೇಲಿಟ್ಟೆ. ಒಂದು ಆಗಲೇ ಅರ್ಧ ಪುಡಿಯಾಗಿತ್ತು. ಇನ್ನೊಂದನ್ನು ಅವರು ಎರಡೂ ಕೈಯಲ್ಲಿ ಹಿಡಿದು ಎಳೆದರು. ಬಿಡಲಿಲ್ಲ.

"ಒಂದು ಗೂಟದಿಂದ ಏನೂ ಸಾಬೀತಾಗಲ್ಲ" ಎಂದಳು ಮೀಟರಮ್ಮ. "ಋತುವಿನ ಮೊದಲ ಪಂದ್ಯಕ್ಕೆ ಇನ್ನೂ ಆರು ವಾರ ಇದೆ. ಇಡೀ ಮೈದಾನಕ್ಕೆ ಅರ್ಧ ನೀರು. ಅಷ್ಟು ಅವಕಾಶ ಕೊಡಿ. ಆಮೇಲೆ ನಿಮ್ಮ ಇಷ್ಟ."

ಅಧ್ಯಕ್ಷರು ನನ್ನ ಕಡೆ ನೋಡಿದರು. "ಆರು ವಾರ ಇವನು ಕೈ ಕಟ್ಟಿಕೊಂಡು ಕೂರ್ತಾನಾ?"

ಅದೇ ಪ್ರಶ್ನೆ. ನಾನು ಸೊಂಟದಿಂದ ಪಂಪಿನ ಕೋಣೆಯ ಬೀಗದ ಕೈ ಬಿಚ್ಚಿದೆ. ಇಪ್ಪತ್ತಾರು ವರ್ಷದಲ್ಲಿ ಆ ಜಾಗದಲ್ಲಿ ಬಟ್ಟೆ ಸವೆಯದ ಪ್ಯಾಂಟೇ ನನ್ನ ಹತ್ತಿರ ಇಲ್ಲ. ಬಾಗಿಲವರೆಗೆ ನಡೆದು ಹೋಗಿ ನನ್ನವಳ ಟವೆಲಿನ ಬುಟ್ಟಿಯಲ್ಲಿಟ್ಟೆ. "ವಾರಕ್ಕೆ ಎರಡು ದಿನ ಇವಳೇ ತೆಗೀಲಿ" ಎಂದೆ. "ಈ ಕ್ಲಬ್ಬಲ್ಲಿ ನೀರಿನ ಲೆಕ್ಕ ಸರಿಯಾಗಿ ಇಟ್ಟಿರೋದು ಇವಳೊಬ್ಬಳೇ."

ಆ ಆರು ವಾರದ ಕಥೆ ಕೇಳಬೇಡಿ. ನನ್ನವಳು ಕ್ಯಾನನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ನನಗೆ ಬೆಳಗಿನ ಜಾವ ಎಚ್ಚರ ಆಗುವುದು ನಿಲ್ಲಲಿಲ್ಲ. ಎದ್ದು ಕೂತರೆ, "ಮಲಗ್ರೀ, ಅದಕ್ಕೆ ಬೇರಿದೆ" ಎನ್ನುತ್ತಿದ್ದಳು. ಮೈದಾನದಲ್ಲಿ ಇದ್ದರೆ ಕೈ ತುರಿಸುತ್ತದೆಂದು ಬೇಲಿಯ ಹೊರಗೆ ಸುತ್ತು ಹಾಕುತ್ತಿದ್ದೆ. ಎರಡನೇ ವಾರ ಮೈದಾನವೆಲ್ಲ ಹಳದಿಯಾದಾಗ ಕಾರ್ಯದರ್ಶಿ ಏನೂ ಹೇಳದೆ ನಕ್ಕರು, ಆ ನಗುವಿಗೆ ಉತ್ತರ ಕೊಡದೆ ನಾಲಿಗೆ ಕಚ್ಚಿಕೊಂಡದ್ದು ನನ್ನ ಜೀವಮಾನದ ಸಾಧನೆ. ಮೂರನೇ ವಾರ ಮೀಟರಮ್ಮ ಒಂದು ಮಣ್ಣಿನ ತುಂಡು ತೆಗೆದು ತೋರಿಸಿದಳು: ಮೂರು ಬೆರಳು. ಐದನೇ ವಾರ: ಆರು ಬೆರಳು. ಹಳದಿ ಅಲ್ಲಿಗೇ ನಿಂತಿತು. ಬಣ್ಣ ಮಂಕು ಹಸಿರಿಗೆ ತಿರುಗಿ ಗಟ್ಟಿಯಾಯಿತು. ನನ್ನವಳು ಮತ್ತೆ ಹಲಗೆಯ ಮೇಲೆ ಅಂಕಿ ಬರೆಯಲು ಶುರುಮಾಡಿದ್ದಳು, ಈಗ ಎರಡು ಸಾಲು, ಒಂದು ಬಟ್ಟೆಯದು, ಇನ್ನೊಂದು ಮೈದಾನದ್ದು.

ಮೊದಲ ಪಂದ್ಯದ ದಿನ ನಾನು ಚೆಂಡು ನೋಡಲಿಲ್ಲ. ಬರೀ ನೆಲ ನೋಡಿದೆ. ಎರಡನೇ ಅರ್ಧದಲ್ಲಿ ಗೋಲ್‌ಕೀಪರ್ ಹುಡುಗಿ ಬಲಕ್ಕೆ ಹಾರಿ, ಉದ್ದಕ್ಕೆ ಜಾರಿ, ಚೆಂಡು ಹಿಡಿದು ಎದ್ದಳು. ಎಂದಿನಂತೆ ಕಿತ್ತುಬಂದ ಹುಲ್ಲನ್ನು ಕಾಲಿನಿಂದ ಮತ್ತೆ ಮೆಟ್ಟಿ ಕೂರಿಸಲು ತಿರುಗಿದವಳು ಸುಮ್ಮನೆ ನಿಂತಳು. ಹುಲ್ಲು ಕಿತ್ತೇ ಇರಲಿಲ್ಲ. ಆಟ ನಡೆಯುತ್ತಿದ್ದ ಹಾಗೇ ನನ್ನ ಕಡೆ ತಿರುಗಿ, "ಹುಲ್ಲಜ್ಜಾ! ಏಳಲಿಲ್ಲ!" ಎಂದು ಕೂಗಿದಳು. ನಾವು ಆ ಪಂದ್ಯ ಸೋತೆವು. ಅಧ್ಯಕ್ಷರು ಪಂದ್ಯ ಮುಗಿದ ಮೇಲೆ ಗೋಲಿನ ಮುಂದೆ ಹೋಗಿ ಬೂಟಿನ ಹಿಮ್ಮಡಿಯಿಂದ ನಾಲ್ಕು ಸಲ ಒದ್ದು ನೋಡಿ, ಕಾರ್ಯದರ್ಶಿಗೆ, "ಪ್ಲಾಸ್ಟಿಕ್‌ನವರಿಗೆ ಬೇಡ ಅಂತ ಬರೀರಿ" ಎಂದರು.

ಸಂಜೆ ನನ್ನವಳು ಬೀಗದ ಕೈ ತಂದು ನನ್ನೆದುರು ಹಿಡಿದಳು. "ತಗೊಳ್ಳಿ, ಇನ್ನು ನಿಮ್ಮದೇ." ನಾನು ಕೈ ಚಾಚಿದೆ. ಚಾಚಿ ಅವಳ ಬೆರಳುಗಳನ್ನೇ ಅದರ ಮೇಲೆ ಮುಚ್ಚಿದೆ. "ನಿನ್ ಹತ್ರಾನೇ ಇರ್ಲಿ. ನನ್ನನ್ನ ನಾನೇ ಇನ್ನೂ ನಂಬಲ್ಲ" ಎಂದೆ. ಅವಳು ನಕ್ಕಳು, ಆದರೆ ಬೀಗದ ಕೈಯನ್ನು ತನ್ನ ಸೊಂಟಕ್ಕೇ ಸಿಕ್ಕಿಸಿಕೊಂಡಳು.

ಮೀಟರಮ್ಮ ಹೊರಡುವಾಗ ಗೂಟಗಳನ್ನೆಲ್ಲ ಕಿತ್ತು ಚೀಲಕ್ಕೆ ಹಾಕಿಕೊಂಡಳು. ಐದನೆಯದನ್ನು ನನಗೆ ಕೊಟ್ಟಳು. "ಮುಂದಿನ ತಿಂಗಳು ಹನ್ನೊಂದನೇ ಕ್ಲಬ್ಬಿಗೆ ಹೋಗ್ತಿದೀನಿ" ಎಂದಳು. "ಅಲ್ಲಿ ಹುಲ್ಲು ನೋಡ್ಕೊಳ್ಳೋರು ಭಾರಿ ಸಿಟ್ಟಿನವರಂತೆ. ನನ್ ಮಾತು ಕೇಳಲ್ಲ. ನೀವೂ ಬರ್ತೀರಾ ಹುಲ್ಲಜ್ಜ?"

ಅವಳೂ ಹುಲ್ಲಜ್ಜ ಎಂದಳಲ್ಲ ಎಂದು ರೇಗಬೇಕೆಂದುಕೊಂಡೆ. ಆಗಲಿಲ್ಲ.

ಹೋದೆ. ನನ್ನದರಂಥದೇ ಮೈದಾನ, ನನ್ನದರಂಥದೇ ಸಾಮಾನಿನ ಕೋಣೆ. ಸೊಂಟದಲ್ಲಿ ಬೀಗದ ಕೈ ತೂಗುಹಾಕಿಕೊಂಡ ಒಬ್ಬ ಮುದುಕ ಮೀಟರಮ್ಮನ ಮಾತಿಗೆಲ್ಲ ಮೂಗು ಮುರಿಯುತ್ತ ನಿಂತಿದ್ದ. ಅವಳು ಐದು ಕೆಂಪು ಗೂಟ ಹೊಡೆದು ಮುಗಿಸಿದಳು. ಅವನು ಒಂದೊಂದು ಗೂಟವನ್ನೂ, ಅಲ್ಲಿಂದ ನಲ್ಲಿಯನ್ನೂ ಕಣ್ಣಲ್ಲೇ ಅಳೆಯುವುದನ್ನು ನಾನು ನೋಡಿದೆ. ಹತ್ತಿರ ಹೋಗಿ ಹೆಗಲ ಮೇಲೆ ಕೈ ಹಾಕಿದೆ.

"ಅಣ್ಣಾ" ಎಂದೆ, "ಕ್ಯಾನು ಎಲ್ಲಿಟ್ಟಿದೀಯ? ಮೊದ್ಲು ಅದನ್ನ ನನಗೆ ಕೊಡು."